ಬೈಪಾಸ್ ಆಗಿ ಐದು ತಿಂಗಳು: ಸದ್ಯಕ್ಕೆ ಹಸಿವನ್ನು ನಂಬಿ ಊಟ ಮಾಡಬೇಡಿ

ಪ್ರಶ್ನೆ: ನನಗೆ 34 ವರ್ಷ. ಮಂಡ್ಯದ ಹತ್ತಿರದ ಊರು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಐದು ತಿಂಗಳ ಹಿಂದೆ ಬೆಂಗಳೂರಿನಲ್ಲಿ ತೂಕ ಇಳಿಸುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಶನ್ ಮಾಡಿಸಿಕೊಂಡೆ. 112 ಕಿಲೋ ಇದ್ದವಳು 87ಕ್ಕೆ ಬಂದಿದ್ದೇನೆ. ನಾಲ್ಕು ವರ್ಷದಿಂದ ಇದ್ದ ಶುಗರ್ ಈಗ ನಾರ್ಮಲ್, ಮಾತ್ರೆ ನಿಲ್ಲಿಸಿದ್ದಾರೆ. ಆದರೆ ಕೂದಲು ಕೈತುಂಬ ಉದುರುತ್ತಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಬಯೋಟಿನ್ ಶುರು ಮಾಡಿದ್ದೇನೆ. ಮುದ್ದೆ ಉಂಡರೆ ಎದೆಯಲ್ಲಿ ಸಿಕ್ಕಿಕೊಂಡ ಹಾಗಾಗಿ ವಾಂತಿಯಾಗುತ್ತದೆ, ವಾರಕ್ಕೆ ಎರಡು ಮೂರು ಸಲ. ಒಂದು ಗೃಹಪ್ರವೇಶದಲ್ಲಿ ಪಾಯಸ ಕುಡಿದು ಬೆವತು, ಎದೆ ಡವಡವ ಹೊಡೆದುಕೊಂಡು ಮಲಗಿಬಿಟ್ಟೆ. ಮೂರು ವಾರದಿಂದ ತೂಕ ಇಳಿದಿಲ್ಲ. ಶುಗರ್ ಹೋಯಿತಲ್ಲ, ಈ ವಿಟಮಿನ್ ಮಾತ್ರೆ ಇನ್ನೆಷ್ಟು ದಿನ? ಮದುವೆಯಾಗಿ ಏಳು ವರ್ಷ, ಪಿಸಿಒಎಸ್ (ಅಂಡಾಶಯದ ಹಾರ್ಮೋನ್ ತೊಂದರೆ) ಇದ್ದಿದ್ದರಿಂದ ಮಗು ಆಗಿಲ್ಲ. ಈಗ ಪ್ರಯತ್ನ ಮಾಡಬಹುದಾ? ಮನೆಯಲ್ಲಿ ಗಂಡನನ್ನು ಬಿಟ್ಟರೆ ಯಾರಿಗೂ ವಿಷಯ ಗೊತ್ತಿಲ್ಲ, ಪಿತ್ತಕೋಶದ ಕಲ್ಲಿನ ಆಪರೇಶನ್ ಅಂತ ಹೇಳಿದ್ದೇವೆ. 'ಯಾಕಮ್ಮ ಹಿಂಗೆ ಸೊರಗಿದ್ದೀಯ' ಅಂತ ಅತ್ತೆ ದಿನಾ ಕೇಳುತ್ತಾರೆ. ಹಸಿವೇ ಆಗುವುದಿಲ್ಲ, ಎಷ್ಟೋ ದಿನ ಮಧ್ಯಾಹ್ನದವರೆಗೂ ಕಾಫಿಯಲ್ಲೇ ಇರುತ್ತೇನೆ.

ಉತ್ತರ: ನೀವು ಕೊನೆಗೆ ಸುಮ್ನೆ ಹೇಳಿ ಮುಗಿಸಿರುವ ಮಾತಿನಿಂದಲೇ ಶುರು ಮಾಡುತ್ತೇನೆ. ಹಸಿವಾಗುವುದಿಲ್ಲ, ಮಧ್ಯಾಹ್ನದವರೆಗೂ ಕಾಫಿಯಲ್ಲೇ ಇರುತ್ತೇನೆ ಅಂದಿದ್ದೀರಿ. ನೀವು ಕೇಳಿರುವ ಅರ್ಧಕ್ಕೂ ಹೆಚ್ಚು ಪ್ರಶ್ನೆಗಳ ಬೇರು ಅಲ್ಲೇ ಇದೆ.

ಹಸಿವಾದಾಗ ಉಣ್ಣಬೇಕು, ಸಾಕೆನಿಸಿದಾಗ ನಿಲ್ಲಿಸಬೇಕು ಅಂತ ನಾವೆಲ್ಲ ಕಲಿತಿದ್ದೇವೆ. ಬೈಪಾಸ್ ಆದ ಮೊದಲ ವರ್ಷ ಆ ಪಾಠದ ಮೊದಲರ್ಧ ನಡೆಯುವುದಿಲ್ಲ. ಊಟ ಈಗ ಹೊಟ್ಟೆಯ ಬಹುಭಾಗವನ್ನೂ ಸಣ್ಣಕರುಳಿನ ಮೊದಲ ಭಾಗವನ್ನೂ ಬಿಟ್ಟು ನೇರ ಮುಂದಕ್ಕೆ ಹೋಗುತ್ತದೆ. ಕರುಳಿನ ಕೆಳಭಾಗಕ್ಕೆ ಆಹಾರ ಬೇಗ ತಲುಪಿದಾಗ ಅಲ್ಲಿಂದ ಜಿಎಲ್‌ಪಿ-1ನಂಥ ಹಾರ್ಮೋನುಗಳು ಜಾಸ್ತಿ ಬರುತ್ತವೆ. ಅವು ಮೆದುಳಿಗೆ 'ಸಾಕು' ಅನ್ನುತ್ತವೆ. ನಿಮ್ಮ ಶುಗರ್ ಇಷ್ಟು ಬೇಗ ಇಳಿದಿದ್ದಕ್ಕೂ ಅವೇ ಒಂದು ಕಾರಣ. ಆದರೆ ಮೆದುಳಿಗೆ ಸಾಕು ಅನ್ನಿಸಿತು ಅಂದ ಮಾತ್ರಕ್ಕೆ ಸ್ನಾಯುಗಳಿಗೆ, ರಕ್ತಕ್ಕೆ, ಮೂಳೆಗೆ ಸಿಗಬೇಕಾದ್ದು ಸಿಕ್ಕಿದೆ ಅಂತಲ್ಲ. ಅವುಗಳ ಕೊರತೆಯನ್ನು ಹಸಿವು ಈಗ ನಿಮಗೆ ತಿಳಿಸುವುದಿಲ್ಲ. ಹಾಗಾಗಿ ಇನ್ನು ಕೆಲವು ತಿಂಗಳು ಗಡಿಯಾರ ನೋಡಿ ಊಟ ಮಾಡಬೇಕು. ನೀವು ಟೀಚರ್, ನಿಮಗೆ ಬೆಲ್ ಇದೆ. ಶಾಲೆಗೆ ಹೊರಡುವ ಮೊದಲು ಒಂದು ಸಲ, ಬೆಳಗಿನ ಸಣ್ಣ ವಿರಾಮದಲ್ಲಿ ಒಂದು ಸಲ, ಮಧ್ಯಾಹ್ನ, ಸಂಜೆ, ರಾತ್ರಿ. ಹಸಿವಿರಲಿ ಇಲ್ಲದಿರಲಿ, ಆ ಹೊತ್ತಿಗೆ ಏನಾದರೂ ಪ್ರೋಟೀನ್ ಇರುವುದು ಹೊಟ್ಟೆಗೆ ಹೋಗಲಿ. ಕಾಫಿ ಕುಡಿಯಿರಿ, ಬೇಡ ಅನ್ನುವುದಿಲ್ಲ. ತಿಂಡಿಯ ಜಾಗದಲ್ಲಿ ಕಾಫಿ ಬೇಡ.

ಈಗ ವಾಂತಿ. ಇದನ್ನು ಈ ವಾರವೇ ನಿಮ್ಮ ಸರ್ಜನ್‌ಗೆ ಫೋನ್ ಮಾಡಿ ಹೇಳಿ. ಬಹಳ ಮಟ್ಟಿಗೆ ಇದು ಮುದ್ದೆಯ ಕೆಲಸವೇ ಇರಬಹುದು. ನಿಮ್ಮ ಹೊಸ ಹೊಟ್ಟೆಯಲ್ಲಿ ಹಿಡಿಯುವುದು ಸುಮಾರು 30 ಎಂಎಲ್, ಅಂದರೆ ಎರಡು ದೊಡ್ಡ ಚಮಚದಷ್ಟು. ಕಾಲ ಕಳೆದ ಹಾಗೆ ಸ್ವಲ್ಪ ಹಿಗ್ಗುತ್ತದೆ, ಅಷ್ಟೇ. ಅದರಿಂದ ಕರುಳಿಗೆ ಹೋಗುವ ದಾರಿ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಲ್ಲಿ ಅದ್ದಿ ನುಂಗುತ್ತೇವೆ. ಚಿಕ್ಕಂದಿನಿಂದ ಗಂಟಲಿಗೆ ಅಭ್ಯಾಸವಾದ ಆ ತುತ್ತು ಈಗ ಆ ಕಿರಿದಾದ ದಾರಿಯ ಬಾಯಲ್ಲಿ ಅಂಟಿ ಕೂರುತ್ತದೆ. ಮೆತ್ತಗಿನ ಅನ್ನ, ಬ್ರೆಡ್, ಅರೆಬೆಂದ ಚಪಾತಿ ಕೂಡ ಕೆಲವರಿಗೆ ಹೀಗೇ ಮಾಡುತ್ತವೆ. ಮುದ್ದೆಯನ್ನು ಸದ್ಯಕ್ಕೆ ಬಿಡಿ. ರಾಗಿ ಬೇಕೆನಿಸಿದರೆ ತೆಳ್ಳಗಿನ ರಾಗಿ ದೋಸೆ ಮಾಡಿ ಚೆನ್ನಾಗಿ ಅಗಿದು ತಿನ್ನಿ, ಅಥವಾ ಮಜ್ಜಿಗೆ ಬೆರೆಸಿದ ಅಂಬಲಿ ಕುಡಿಯಿರಿ. ಮುಂದೆ ಡಾಕ್ಟರ್ ಒಪ್ಪಿದ ಮೇಲೆ ಮುದ್ದೆಗೆ ವಾಪಸ್ ಬಂದರೂ ಕಡಲೆಕಾಳಿನಷ್ಟು ತುತ್ತು, ಅದೂ ಅಗಿದು. ಮಂಡ್ಯದವರಿಗೆ ಮುದ್ದೆ ಅಗಿಯಿರಿ ಅನ್ನುವುದು ಎಷ್ಟು ಕಷ್ಟದ ಮಾತು ಅಂತ ನನಗೆ ಗೊತ್ತು. ಆದರೂ ಹೇಳಲೇಬೇಕು.

ಸರ್ಜನ್‌ಗೆ ಹೇಳಿ ಅಂದಿದ್ದಕ್ಕೆ ಇನ್ನೊಂದು ಕಾರಣವಿದೆ. ಬೈಪಾಸ್ ಆದ ಕೆಲವರಿಗೆ ಹೊಟ್ಟೆ ಮತ್ತು ಕರುಳು ಸೇರಿಸಿದ ಜಾಗ ಗಾಯ ಮಾಗುವಾಗ ಕಿರಿದಾಗುತ್ತದೆ. ಆಗ ಮೊದಲು ಗಟ್ಟಿ ಆಹಾರ, ಆಮೇಲೆ ಮೆತ್ತಗಿನದು, ಕೊನೆಗೆ ನೀರೂ ನಿಲ್ಲುವುದಿಲ್ಲ. ಎಂಡೋಸ್ಕೋಪಿಯಲ್ಲಿ ಬಲೂನ್ ಹಾಕಿ ಅದನ್ನು ಹಿಗ್ಗಿಸಬಹುದು. ದೊಡ್ಡ ಆಪರೇಶನ್ ಬೇಕಾಗುವುದಿಲ್ಲ. ಮುದ್ದೆ ಬಿಟ್ಟ ಮೇಲೂ ವಾಂತಿ ನಿಲ್ಲದಿದ್ದರೆ ಕಾಯಬೇಡಿ.

ವಾಂತಿಯ ವಿಷಯದಲ್ಲಿ ನನಗೆ ನಿಜವಾಗಿ ಭಯವಿರುವುದು ಬೇರೆ ಕಡೆ. ವಿಟಮಿನ್ ಬಿ1, ಅಂದರೆ ಥಯಾಮಿನ್, ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಕೂಡಿಟ್ಟಿರುತ್ತದೆ. ಊಟ ಕಡಿಮೆ, ಮೇಲೆ ವಾಂತಿ, ಮಾತ್ರೆಯೂ ಬಿಟ್ಟಿದ್ದಾರೆ ಅಂದರೆ ಅದು ಬೇಗ ಬರಿದಾಗುತ್ತದೆ. ಕಣ್ಣಿಗೆ ಒಂದು ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು, ಕಾಲು ಜೋಮು ಹಿಡಿಯುವುದು, ಮಾತಿನಲ್ಲಿ ಗೊಂದಲ, ಇವು ಅದರ ಗುರುತು. ತಡ ಮಾಡಿದರೆ ಮೆದುಳಿಗೆ ಆದ ಹಾನಿ ಪೂರ್ತಿ ವಾಪಸಾಗದೆ ಉಳಿಯಬಹುದು. ಸುಸ್ತು ಅಂತ ಹೋದರೆ ನಮ್ಮ ಊರುಗಳಲ್ಲಿ ಮೊದಲು ಮಾಡುವುದು ಏನು? ಗ್ಲೂಕೋಸ್ ಡ್ರಿಪ್ ಹಾಕುವುದು, ಅಲ್ವಾ? ಥಯಾಮಿನ್ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಕೊಟ್ಟರೆ ಉಳಿದಿದ್ದ ಅಷ್ಟಿಷ್ಟೂ ಖರ್ಚಾಗಿ ಪರಿಸ್ಥಿತಿ ಒಮ್ಮೆಗೇ ಕೆಡಬಹುದು. ಆದ್ದರಿಂದ ನೀವೂ ನಿಮ್ಮ ಯಜಮಾನರೂ ಒಂದು ಮಾತನ್ನು ಬಾಯಿಪಾಠ ಮಾಡಿಕೊಳ್ಳಿ: 'ಬೈಪಾಸ್ ಆಗಿದೆ, ವಾಂತಿ ಇದೆ, ಡ್ರಿಪ್‌ಗಿಂತ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ.' ಒಂದು ದಿನ ಪೂರ್ತಿ ನೀರೂ ನಿಲ್ಲಲಿಲ್ಲ ಅಂದರೆ ಮನೆಮದ್ದು ಬೇಡ, ಆಸ್ಪತ್ರೆಗೆ ಹೋಗಿ.

ಕೂದಲಿನ ವಿಷಯಕ್ಕೆ ಬರೋಣ. ಎಷ್ಟು ನೋವಾಗುತ್ತದೆ ಅಂತ ಗೊತ್ತು. ತೂಕ ಇಳಿದ ಖುಷಿಯನ್ನೆಲ್ಲ ಬಾಚಣಿಗೆ ಕಿತ್ತುಕೊಳ್ಳುತ್ತದೆ. ಆದರೆ ನೀವು ಬೋಳಾಗುವುದಿಲ್ಲ. ದೊಡ್ಡ ಆಪರೇಶನ್, ಬೇಗ ಇಳಿಯುವ ತೂಕ, ಕಡಿಮೆ ಊಟ, ಇಂಥ ಪೆಟ್ಟು ಬಿದ್ದಾಗ ಬಹಳಷ್ಟು ಕೂದಲು ಒಟ್ಟಿಗೇ ಬೆಳೆಯುವುದನ್ನು ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ. ಅವು ಉದುರುವುದು ಸುಮಾರು ಮೂರು ತಿಂಗಳಾದ ಮೇಲೆ. ಹೆರಿಗೆಯಾದವರಿಗೂ, ಟೈಫಾಯ್ಡ್ ಬಂದು ಹೋದವರಿಗೂ ಹೀಗೇ ಆಗುತ್ತದೆ. ಬುಡ ಸತ್ತಿರುವುದಿಲ್ಲ, ಹೊಸ ಕೂದಲು ಬರುತ್ತದೆ. ಹೆಚ್ಚಿನವರಿಗೆ ಒಂದು ವರ್ಷ ತುಂಬುವುದರೊಳಗೆ ಇದು ನಿಲ್ಲುತ್ತದೆ. ಒಂದು ವರ್ಷವಾದ ಮೇಲೂ ಉದುರುತ್ತಲೇ ಇದ್ದರೆ, ಅಥವಾ ನಿಂತು ಮತ್ತೆ ಶುರುವಾದರೆ, ಕಬ್ಬಿಣ, ಜಿಂಕ್, ಪ್ರೋಟೀನ್, ಥೈರಾಯ್ಡ್ ನೋಡಬೇಕು. ಬಯೋಟಿನ್‌ನಿಂದ ಈ ಉದುರುವಿಕೆ ನಿಲ್ಲುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ಅದಕ್ಕೆ ಹಾಕುವ ದುಡ್ಡನ್ನು ಮೊಟ್ಟೆಗೆ, ಪನೀರಿಗೆ ಹಾಕಿ. ಯಾರೋ ಹೇಳಿದರು ಅಂತ ಜಿಂಕ್ ಮಾತ್ರೆಯನ್ನೂ ಜಾಸ್ತಿ ನುಂಗಬೇಡಿ. ಜಿಂಕ್ ಹೆಚ್ಚಾದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಅದರಿಂದ ರಕ್ತಹೀನತೆ, ನರದ ತೊಂದರೆ ಎರಡೂ ಬರಬಹುದು.

ದಿನಕ್ಕೆ ನಿಮಗೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಅಷ್ಟು ಸಣ್ಣ ಹೊಟ್ಟೆಗೆ ಇದು ದೊಡ್ಡ ಲೆಕ್ಕವೇ. ನಮ್ಮ ಕಡೆಯ ಊಟದಲ್ಲಿ ಒಂದು ತೊಡಕಿದೆ. ಬೇಳೆ ಸಾರು ಉಂಡೆ, ಪ್ರೋಟೀನ್ ಬಂತು ಅಂದುಕೊಳ್ಳುತ್ತೇವೆ. ತೆಳ್ಳಗಿನ ಸಾರಿನಲ್ಲಿರುವುದು ಹೆಚ್ಚಾಗಿ ನೀರು. ಬೇಳೆ ತಳದಲ್ಲಿ ಉಳಿದಿರುತ್ತದೆ. ಬಸ್ಸಾರು ಮಾಡಿದ ದಿನ ನಿಮಗೆ ಬೇಕಾದ್ದು ಬಸಿದ ರಸಕ್ಕಿಂತ ಪಲ್ಯದಲ್ಲಿರುವ ಕಾಳು. ಹೆಸರುಕಾಳು, ಹುರುಳಿಕಾಳು, ಅವರೆ, ಅಲಸಂದೆ ಯಾವುದಾದರೂ ಸರಿ, ಚೆನ್ನಾಗಿ ಬೆಂದಿರಲಿ. ತಟ್ಟೆಯಲ್ಲಿ ಮೊದಲು ಕಾಳು, ಮೊಟ್ಟೆ, ಪನೀರ್ ಅಥವಾ ಕೋಳಿ. ಆಮೇಲೆ ತರಕಾರಿ. ಜಾಗ ಉಳಿದರೆ ಎರಡು ತುತ್ತು ಅನ್ನ. ರಾಗಿಯಲ್ಲಿ ಸುಣ್ಣದಂಶ ಚೆನ್ನಾಗಿದೆ ನಿಜ, 100 ಗ್ರಾಂ ಹಿಟ್ಟಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು. ಪ್ರೋಟೀನ್ ಮಾತ್ರ 7 ಗ್ರಾಂ ಆಸುಪಾಸು. ಮುದ್ದೆ ಮೊದಲು ಹೋಗಿ ಕೂತರೆ ಉಳಿದದ್ದಕ್ಕೆ ಜಾಗವೇ ಇಲ್ಲ.

ಒಂದು ದಿನದ ಲೆಕ್ಕ ಹೀಗಿರಬಹುದು. ಬೆಳಗ್ಗೆ ಎರಡು ಬೇಯಿಸಿದ ಮೊಟ್ಟೆ, 12 ಗ್ರಾಂ. ಒಂದೇ ಸಲ ಆಗದಿದ್ದರೆ ಒಂದನ್ನು ಡಬ್ಬಿಗೆ ಹಾಕಿಕೊಳ್ಳಿ. ವಿರಾಮದಲ್ಲಿ ಒಂದು ಲೋಟ ಹಾಲಿಗೆ ಒಂದು ಅಳತೆ ವೇ ಪ್ರೋಟೀನ್ ಪುಡಿ, 25ರಿಂದ 28 ಗ್ರಾಂ. ಮಧ್ಯಾಹ್ನ ಒಂದು ಸಣ್ಣ ಬಟ್ಟಲು ಗಟ್ಟಿ ಬೇಳೆ ಅಥವಾ ಕಾಳು, ಜೊತೆಗೆ 50 ಗ್ರಾಂ ಪನೀರ್, ಸುಮಾರು 16 ಗ್ರಾಂ. ಸಂಜೆ ಗಟ್ಟಿ ಮೊಸರು. ರಾತ್ರಿ ಒಣತೂಕದಲ್ಲಿ 20 ಗ್ರಾಂನಷ್ಟು ಸೋಯಾ ಚಂಕ್ಸ್ ನೆನೆಸಿ, ಸಣ್ಣಗೆ ಹೆಚ್ಚಿ ಮಾಡಿದ ಪಲ್ಯ, 10 ಗ್ರಾಂ. ಎಲ್ಲ ಸೇರಿದರೆ 65 ದಾಟುತ್ತದೆ. ಸೋಮವಾರ, ಶನಿವಾರ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ ಅಂದರೆ ಅವತ್ತು ಹೆಸರುಬೇಳೆ ದೋಸೆ ಮಾಡಿ, ಪನೀರ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ವೇ ಪುಡಿ ಬಾಡಿಬಿಲ್ಡಿಂಗ್ ಮಾಡುವವರಿಗೆ ಮಾತ್ರ ಅನ್ನುವ ಸಂಕೋಚ ಬೇಡ. ಅದು ಹಾಲಿನದೇ ಪ್ರೋಟೀನ್. ಮೊದಲ ವರ್ಷ ಅದಿಲ್ಲದೆ ಲೆಕ್ಕ ಮುಟ್ಟಿಸುವುದು, ಅದರಲ್ಲೂ ಸಸ್ಯಾಹಾರದಲ್ಲಿ, ಬಹಳ ಕಷ್ಟ.

ಊಟದ ಜೊತೆ ನೀರು ಬೇಡ. ಊಟವಾಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಕೊನೆಗೆ ಮಜ್ಜಿಗೆ ಕುಡಿದು ಏಳುವ ಅಭ್ಯಾಸವನ್ನೂ ಆ ಅರ್ಧ ಗಂಟೆಯ ಆಚೆಗೆ ತಳ್ಳಿ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಲೇಬೇಕು, ಗುಟುಕು ಗುಟುಕಾಗಿ. ಕ್ಲಾಸಿನ ಮೇಜಿನ ಮೇಲೆ ಬಾಟಲಿ ಇಟ್ಟುಕೊಳ್ಳಿ.

ವಿಟಮಿನ್ ಮಾತ್ರೆ ಎಷ್ಟು ದಿನ ಅಂದಿರಿ. ಜೀವನ ಪೂರ್ತಿ. ಮೃದುವಾಗಿ ಹೇಳಿ ನಿಮಗೆ ತಪ್ಪು ಭರವಸೆ ಕೊಡುವುದಿಲ್ಲ. ಶುಗರ್‌ಗೂ ಈ ಮಾತ್ರೆಗಳಿಗೂ ಸಂಬಂಧವಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಮುಖ್ಯವಾಗಿ ಹೀರಿಕೊಳ್ಳುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಬಿ12 ದೇಹಕ್ಕೆ ಸೇರಲು ಹೊಟ್ಟೆಯ ಆಮ್ಲವೂ, ಹೊಟ್ಟೆಯಲ್ಲೇ ತಯಾರಾಗುವ ಒಂದು ಪ್ರೋಟೀನೂ ಬೇಕು. ನಿಮ್ಮ ಊಟ ಈಗ ಈ ಎರಡೂ ಜಾಗಗಳನ್ನು ಮುಟ್ಟದೆ ಹೋಗುತ್ತದೆ. ಎಷ್ಟು ಒಳ್ಳೆಯ ಊಟ ಮಾಡಿದರೂ ಈ ಕೊರತೆ ತುಂಬುವುದಿಲ್ಲ. ಮೋಸ ಎಲ್ಲಿದೆ ಅಂದರೆ, ಬಿ12 ದೇಹದಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿಟ್ಟಿರುತ್ತದೆ. ಮಾತ್ರೆ ಬಿಟ್ಟ ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. 'ನೋಡಿ, ಬಿಟ್ಟೆ, ಏನೂ ಆಗಲಿಲ್ಲ' ಅನ್ನುತ್ತಾರೆ. ಆಮೇಲೆ ಒಂದು ದಿನ ಪಾದ ಉರಿ, ಮರೆವು, ಏದುಸಿರು ಅಂತ ಬರುತ್ತಾರೆ. ಅಷ್ಟು ಹೊತ್ತಿಗೆ ನರಕ್ಕೆ ಪೆಟ್ಟಾಗಿರುತ್ತದೆ.

ಬೈಪಾಸ್ ಆದವರಿಗೆ ಸಾಮಾನ್ಯವಾಗಿ ಕೊಡುವುದು ಇಷ್ಟು: ದಿನಾ ಒಂದು ಪೂರ್ಣ ಮಲ್ಟಿವಿಟಮಿನ್, ಬಿ12 ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ ಮಾತ್ರೆ ಅಥವಾ ತಿಂಗಳಿಗೊಂದು 1000 ಮೈಕ್ರೋಗ್ರಾಂ ಇಂಜೆಕ್ಷನ್, ಕ್ಯಾಲ್ಸಿಯಂ 1200ರಿಂದ 1500 ಮಿಲಿಗ್ರಾಂ, ವಿಟಮಿನ್ ಡಿ ಸುಮಾರು 3000 ಯೂನಿಟ್, ಮುಟ್ಟಾಗುವ ಹೆಣ್ಣುಮಕ್ಕಳಿಗೆ ಕಬ್ಬಿಣ 45ರಿಂದ 60 ಮಿಲಿಗ್ರಾಂ. ನಿಮ್ಮ ಪ್ರಮಾಣವನ್ನು ರಕ್ತಪರೀಕ್ಷೆ ನೋಡಿ ನಿಮ್ಮ ಡಾಕ್ಟರೇ ಹೇಳಬೇಕು. ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕಾರ್ಬೊನೇಟ್. ಅದು ಕರಗಲು ಆಮ್ಲ ಬೇಕು. ನಿಮಗೆ ಸಿಟ್ರೇಟ್ ಒಳ್ಳೆಯದು. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ದೇಹ ಹೀರಿಕೊಳ್ಳುವುದಿಲ್ಲ, ಅದಕ್ಕೆ ಎರಡು ಮೂರು ಸಲ ಹಂಚಿಕೊಳ್ಳಿ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಕಾಫಿ, ಟೀ ಕೂಡ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ರಾತ್ರಿ ಮಲಗುವಾಗ ನಿಂಬೆರಸದ ನೀರಿನ ಜೊತೆ ಕಬ್ಬಿಣ ತೆಗೆದುಕೊಂಡರೆ ಈ ಜಗಳವೇ ಇಲ್ಲ.

ಗೃಹಪ್ರವೇಶದ ದಿನ ನಿಮಗೆ ಆಗಿದ್ದಕ್ಕೆ ಡಂಪಿಂಗ್ ಅನ್ನುತ್ತಾರೆ. ಸಕ್ಕರೆ ಹೊಟ್ಟೆಯಲ್ಲಿ ನಿಲ್ಲದೆ ಸೀದಾ ಕರುಳಿಗೆ ಸುರಿಯಿತು. ಕರುಳು ಅದನ್ನು ತೆಳ್ಳಗೆ ಮಾಡಲು ರಕ್ತದಿಂದ ನೀರೆಳೆದುಕೊಂಡಿತು. ಎದೆ ಹೊಡೆದುಕೊಂಡಿದ್ದು, ಬೆವತದ್ದು ಅದಕ್ಕೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಮಲಗಿದರೆ ಸರಿಹೋಗುತ್ತದೆ. ಇದು ಹೃದಯದ ಕಾಯಿಲೆಯಲ್ಲ. ಸಕ್ಕರೆ ಬೇಡ, ಬೆಲ್ಲದ ಪಾಯಸ ಆಗಬಹುದು ಅಂತ ನಿಮ್ಮ ಕಡೆ ಹೇಳುವವರು ಇದ್ದೇ ಇರುತ್ತಾರೆ. ಕರುಳಿಗೆ ಅಚ್ಚುಬೆಲ್ಲವೂ ಒಂದೇ, ಸಕ್ಕರೆಯೂ ಒಂದೇ, ಕಬ್ಬಿನಹಾಲೂ ಒಂದೇ. ಇನ್ನೊಂದು ಬಗೆ ಇದೆ. ಅದು ಹೆಚ್ಚಾಗಿ ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ. ಸಿಹಿ ಅಥವಾ ಬರೀ ಅನ್ನ ತಿಂದು ಒಂದರಿಂದ ಮೂರು ಗಂಟೆಯಾದ ಮೇಲೆ ಕೈ ನಡುಗಿ, ಕಣ್ಣು ಕತ್ತಲಿಟ್ಟು ಶುಗರ್ ಬಿದ್ದುಹೋಗುತ್ತದೆ. ಹಳೆಯ ಗ್ಲೂಕೋಮೀಟರ್ ಇದೆಯಲ್ಲ, ಎಸೆಯಬೇಡಿ. ಹಾಗಾದಾಗ ಪರೀಕ್ಷೆ ಮಾಡಿ ಬರೆದಿಡಿ, ಡಾಕ್ಟರಿಗೆ ತೋರಿಸಿ. ಅಂಥ ಹೊತ್ತಿನಲ್ಲಿ ಸ್ಕೂಟರ್ ಓಡಿಸಬೇಡಿ.

'ಶುಗರ್ ಹೋಯಿತು' ಅಂದಿರಿ. ಈಗ ಹಿಡಿತಕ್ಕೆ ಬಂದಿದೆ, ಅದು ದೊಡ್ಡ ಸಂತೋಷದ ವಿಷಯ. ಆದರೆ ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾಗಿ ಸಾವಿರಾರು ಜನರನ್ನು ದಶಕಗಟ್ಟಲೆ ಹಿಂಬಾಲಿಸಿದ ಒಂದು ಅಧ್ಯಯನವಿದೆ. ಅದರಲ್ಲಿ ಆಪರೇಶನ್ ಆದ ಮಧುಮೇಹಿಗಳಲ್ಲಿ ಎರಡು ವರ್ಷದ ಹೊತ್ತಿಗೆ ನೂರಕ್ಕೆ 72 ಮಂದಿ ಮಾತ್ರೆ ಇಲ್ಲದೆ ನಾರ್ಮಲ್ ಇದ್ದರು. 15 ವರ್ಷದ ಹೊತ್ತಿಗೆ ಹಾಗೆ ಉಳಿದವರು ನೂರಕ್ಕೆ 30. ಆಗಿನ ಆಪರೇಶನ್ ಹೆಚ್ಚಾಗಿ ಬೇರೆ ಬಗೆಯದು, ನಿಮ್ಮದಕ್ಕೆ ಅದೇ ಅಂಕಿ ಹಾಕುವಂತಿಲ್ಲ. ಆದರೂ ಶುಗರ್ ವಾಪಸ್ ಬರಬಹುದು ಅನ್ನುವುದು ಸ್ಪಷ್ಟ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ), ಕಣ್ಣು, ಕಿಡ್ನಿ ಪರೀಕ್ಷೆ ವರ್ಷಕ್ಕೊಮ್ಮೆ ನಡೆಯುತ್ತಲೇ ಇರಲಿ. ಅದೇ ಅಧ್ಯಯನದಲ್ಲಿ ಆಪರೇಶನ್ ಆದವರು ಆಗದವರಿಗಿಂತ ಹೆಚ್ಚು ಕಾಲ ಬದುಕಿದರು ಅನ್ನುವುದನ್ನೂ ಹೇಳುತ್ತೇನೆ. ನೀವು ಮಾಡಿದ ನಿರ್ಧಾರದ ಬಗ್ಗೆ ಅಳುಕು ಬೇಡ.

ಮೂರು ವಾರ ತೂಕ ನಿಂತದ್ದಕ್ಕೆ ಏನೂ ಮಾಡಬೇಕಾಗಿಲ್ಲ. ಬಹುಪಾಲು ಎಲ್ಲರಿಗೂ ಮಧ್ಯೆ ಮಧ್ಯೆ ಹೀಗೆ ನಿಲ್ಲುತ್ತದೆ. ಹೆದರಿ ಊಟ ಇನ್ನೂ ಕಡಿಮೆ ಮಾಡುವುದು ಮಾತ್ರ ತಪ್ಪು. ಆಗ ಕರಗುವುದು ಸ್ನಾಯು. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ. ದಿನಾ ಅರ್ಧ ಗಂಟೆ ನಡೆಯಿರಿ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ನೀರು ತುಂಬಿದ ಬಾಟಲಿ ಎತ್ತಿ ಇಳಿಸುವುದು ಮಾಡಿ. ಒಂದು ವರ್ಷದಿಂದ ಒಂದೂವರೆ ವರ್ಷದವರೆಗೆ ತೂಕ ಇಳಿಯುತ್ತದೆ, ಆಮೇಲೆ ಹಸಿವು ನಿಧಾನಕ್ಕೆ ಮರಳುತ್ತದೆ. ಆಗ ಕಾಡುವುದು ಊಟವಲ್ಲ, ಕಾಫಿ ಜೊತೆಯ ಕೋಡುಬಳೆ, ಮಿಕ್ಸ್ಚರ್, ಬಿಸ್ಕೆಟ್. ಅವು ಬಾಯಲ್ಲೇ ಪುಡಿಯಾಗಿ ಸಣ್ಣ ಹೊಟ್ಟೆಯಲ್ಲೂ ನಿಲ್ಲದೆ ಜಾರಿ ಹೋಗುತ್ತವೆ. ಎಷ್ಟು ತಿಂದರೂ ತುಂಬಿತು ಅನ್ನಿಸುವುದಿಲ್ಲ. ತೂಕ ವಾಪಸ್ ಬರುವುದು ಹೆಚ್ಚಾಗಿ ಆ ದಾರಿಯಲ್ಲಿ.

ಮಗುವಿನ ಪ್ರಶ್ನೆಗೆ ನನ್ನ ಉತ್ತರ: ಆಗಬಹುದು, ಆದರೆ ಈಗಲ್ಲ. ಆಪರೇಶನ್ ಆಗಿ 12ರಿಂದ 18 ತಿಂಗಳು ಕಾಯಿರಿ. ತೂಕ ಇಳಿಯುತ್ತಿರುವಾಗ ನಿಮಗೇ ಸಾಲದ ಕಬ್ಬಿಣ, ಪ್ರೋಟೀನ್ ಮಗುವಿಗೆ ಎಲ್ಲಿಂದ ಸಿಗಬೇಕು? ಏಳು ವರ್ಷ ಕಾದವರಿಗೆ ಇನ್ನೂ ಕಾಯಿರಿ ಅನ್ನುವುದು ಸುಲಭದ ಮಾತಲ್ಲ. ಆದರೆ ಒಳ್ಳೆಯ ಸುದ್ದಿಯೊಳಗೇ ಒಂದು ಎಚ್ಚರಿಕೆ ಇದೆ. ಪಿಸಿಒಎಸ್ ಇರುವವರಿಗೆ ತೂಕ ಇಳಿದ ಹಾಗೆ ಅಂಡ ಬಿಡುಗಡೆಯಾಗುವುದು ಮತ್ತೆ ಶುರುವಾಗುತ್ತದೆ, ಎಷ್ಟೋ ಸಲ ಮುಟ್ಟು ಸರಿಹೋಗುವ ಮೊದಲೇ. 'ನಮಗೆ ಹೇಗೂ ಆಗುವುದಿಲ್ಲ' ಅಂತ ಸುಮ್ಮನಿದ್ದವರು ಆರನೇ ತಿಂಗಳಲ್ಲೇ ಗರ್ಭಿಣಿಯಾಗಬಹುದು. ಹಾಗಾಗಿ ಈಗಿನಿಂದಲೇ ತಡೆ ಬೇಕು. ಬೈಪಾಸ್ ಆದ ಮೇಲೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳದೆ ಇರಬಹುದು. ಕಾಪರ್-ಟಿ ಬಗ್ಗೆ ಸ್ತ್ರೀರೋಗ ತಜ್ಞರ ಹತ್ತಿರ ಮಾತಾಡಿ.

ಮುಂದೆ ಗರ್ಭಿಣಿಯಾಗುವ ಕನಿಷ್ಠ ಮೂರು ತಿಂಗಳ ಮೊದಲೇ ಡಾಕ್ಟರನ್ನು ನೋಡಿ. ಫೋಲಿಕ್ ಆಸಿಡ್ ಪ್ರಮಾಣ, ವಿಟಮಿನ್ ಎ ಯಾವ ರೂಪದ್ದು ಅನ್ನುವುದನ್ನೆಲ್ಲ ಬದಲಾಯಿಸಬೇಕಾಗುತ್ತದೆ. ಇನ್ನೊಂದು ಮಾತು ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಗರ್ಭಿಣಿಯರಿಗೆ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಶುಗರ್ ನೋಡುವುದು ರೂಢಿ. ನೀವು ಅದನ್ನು ಕುಡಿದರೆ ಪಾಯಸದ ದಿನ ಆಗಿದ್ದೇ ಜೋರಾಗಿ ಆಗಬಹುದು. ಬೈಪಾಸ್ ಆಗಿದೆ ಅಂತ ಹೇಳಿ. ಮನೆಯಲ್ಲೇ ಒಂದು ವಾರ ಗ್ಲೂಕೋಮೀಟರಿನಲ್ಲಿ ನೋಡಿ ತಿಳಿಯುವ ದಾರಿ ಇದೆ.

ಈಗ ನೀವು ಕೇಳದೇ ಇರುವ ಒಂದು ವಿಷಯ. ಮನೆಯಲ್ಲಿ ಪಿತ್ತಕೋಶದ ಆಪರೇಶನ್ ಅಂತ ಹೇಳಿದ್ದೀರಿ. ಯಾಕೆ ಮುಚ್ಚಿಟ್ಟಿರಿ ಅಂತ ನಾನು ಕೇಳುವುದಿಲ್ಲ. ದಪ್ಪ ಇದ್ದಾಗಲೂ ಆಡುತ್ತಾರೆ, ಇಳಿಸಿದರೂ ಆಡುತ್ತಾರೆ. ಅದನ್ನು ಅನುಭವಿಸಿದವರಿಗೇ ಗೊತ್ತು. ಆದರೆ ಈ ಒಂದು ಸುಳ್ಳು ಮಾತ್ರ ಅಪಾಯದ್ದು. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ನಿಜವಾಗಿಯೂ ಕಲ್ಲಾಗುತ್ತದೆ. ಅದನ್ನು ತಡೆಯಲೆಂದೇ ಮೊದಲ ಆರು ತಿಂಗಳು ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡುವುದು. ನಿಮ್ಮ ಪಟ್ಟಿಯಲ್ಲೂ ಇರಬೇಕು, ನೋಡಿ. ನಾಳೆ ನಿಮಗೆ ಬಲಪಕ್ಕೆಯಲ್ಲಿ ನೋವು ಬಂದು ಮಾತಾಡಲಾಗದೆ ಮಲಗಿದರೆ ಅತ್ತೆ ಡಾಕ್ಟರಿಗೆ ಏನು ಹೇಳುತ್ತಾರೆ? 'ಪಿತ್ತಕೋಶ ಆಗಲೇ ತೆಗೆಸಿದ್ದಾರೆ ಸಾರ್.' ಬೈಪಾಸ್ ಆದವರಿಗೆ ಕರುಳು ಒಳಗೇ ಸಂದಿಯಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ವರ್ಷಗಳ ಕಾಲ ಇರುತ್ತದೆ. ಹೊಟ್ಟೆ ತಿರುಚಿದ ಹಾಗೆ ಜೋರು ನೋವು ಬಂದು ಬಿಡದೇ ಇದ್ದರೆ ಅದು ಗ್ಯಾಸ್ ಅಂತ ಸೋಡಾ ಕುಡಿದು ಕೂರುವ ನೋವಲ್ಲ. ಗರ್ಭಿಣಿಯಾಗಿದ್ದಾಗ ಬಂದರೆ ಇನ್ನೂ ಅವಸರ. ಆಗ ಸಿಟಿ ಸ್ಕ್ಯಾನ್ ಇರುವ, ಸರ್ಜನ್ ಇರುವ ಆಸ್ಪತ್ರೆಗೇ ಹೋಗಬೇಕು. ಅಲ್ಲಿಯವರಿಗೆ ಮೊದಲ ಮಾತಿಗೇ ಬೈಪಾಸ್ ಅಂತ ಗೊತ್ತಾಗಬೇಕು.

ಊರಿಗೆಲ್ಲ ಹೇಳಬೇಕಾಗಿಲ್ಲ. ಮನೆಯಲ್ಲಿ ನಿಮ್ಮ ಜೊತೆ ಹಗಲು ಇರುವ ಒಬ್ಬರಿಗೆ ಹೇಳಿ. ದಿನಾ ಸೊರಗಿದ್ದೀಯ ಅಂತ ಕೇಳುವ ಅತ್ತೆಯೇ ಆ ಒಬ್ಬರಾಗಬಹುದು. ಅಷ್ಟು ಕೇಳುತ್ತಾರೆಂದರೆ ಕಾಳಜಿಯೂ ಇರಬೇಕು, ಅಲ್ವಾ? ಕಾರಣ ಗೊತ್ತಾದ ಮೇಲೆ ಇನ್ನೊಂದು ತುತ್ತು ಹಾಕುವ ಒತ್ತಾಯವೂ ಕಡಿಮೆಯಾಗುತ್ತದೆ. ಆಗದೇ ಹೋದರೆ ಒಂದು ಚೀಟಿಯಲ್ಲಿ ಆಪರೇಶನ್ ಹೆಸರು, ತಾರೀಕು, ಸರ್ಜನ್ ಫೋನ್ ನಂಬರ್ ಬರೆದು ಪರ್ಸಿನಲ್ಲಿಡಿ, ಫೋಟೋ ತೆಗೆದು ಮೊಬೈಲಿನಲ್ಲೂ ಇಡಿ. ಅದರಲ್ಲೇ ಮೂರು ಸಾಲು ಸೇರಿಸಿ: ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್, ಮೂಗಿನಿಂದ ಕೊಳವೆ ಹಾಕುವ ಮೊದಲು ಸರ್ಜನ್‌ಗೆ ಕರೆ, ನೋವಿನ ಮಾತ್ರೆ ಪ್ಯಾರಾಸಿಟಮಾಲ್ ಮಾತ್ರ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ಯಾವುದೂ ನಿಮಗೆ ಬೇಡ. ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಬರಬಹುದು. ಮೈಕೈ ನೋವು ಅಂದರೆ ಅಂಗಡಿಯವರು ಪ್ಯಾರಾಸಿಟಮಾಲ್ ಜೊತೆ ಇವನ್ನೂ ಬೆರೆಸಿದ ಮಾತ್ರೆ ಕೊಡುವುದುಂಟು, ಹೆಸರು ಓದಿ ತೆಗೆದುಕೊಳ್ಳಿ. ಇಂಜೆಕ್ಷನ್ ಆದರೂ ಅದೇ ಔಷಧಿ, ಅದೇ ಅಪಾಯ. ಮಲ ಕಪ್ಪಗಾದರೆ ತಕ್ಷಣ ತೋರಿಸಿ.

ಮನಸ್ಸಿನ ಮಾತೂ ಒಂದಿದೆ. ತೂಕ ಇಳಿದರೂ ಖುಷಿಯಾಗುತ್ತಿಲ್ಲ, ಸುಮ್ನೆ ಅಳು ಬರುತ್ತದೆ ಅನ್ನುವವರು ಬಹಳ ಜನ. ದುಃಖಕ್ಕೆ, ಬೇಜಾರಿಗೆ ಊಟವೇ ಜೊತೆಯಾಗಿತ್ತು, ಅದೀಗ ಇಲ್ಲ. ನಿಮಗೂ ಹಾಗೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮುಂದಿನ ತಿಂಗಳು ನಿಮ್ಮ ಆರು ತಿಂಗಳ ತಪಾಸಣೆ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಹಾರ್ಮೋನ್), ಅಲ್ಬುಮಿನ್, ಲಿವರ್ ಪರೀಕ್ಷೆ, ಥೈರಾಯ್ಡ್, ಎಚ್‌ಬಿಎ1ಸಿ ಇಷ್ಟೂ ಆಗಲಿ. ಪಿತ್ತಕೋಶದ ಸ್ಕ್ಯಾನ್ ಬೇಕಾ ಅಂತಲೂ ಕೇಳಿ. ಬಯೋಟಿನ್ ಮಾತ್ರೆಯನ್ನು ರಕ್ತ ಕೊಡುವ ಮೂರು ದಿನ ಮೊದಲೇ ನಿಲ್ಲಿಸಿ. ಅದು ರಕ್ತದಲ್ಲಿದ್ದರೆ ಥೈರಾಯ್ಡ್ ವರದಿ ತಪ್ಪಾಗಿ ಬರಬಹುದು. ಹೋಗುವ ಮೊದಲು ಒಂದು ವಾರ ಏನು ತಿಂದಿರಿ, ಯಾವತ್ತು ವಾಂತಿಯಾಯಿತು ಅಂತ ಬರೆದಿಟ್ಟುಕೊಳ್ಳಿ. ಕಾಫಿಯನ್ನೂ ಬರೆಯಿರಿ.